ಮನೆ ಕೆಲಸ ನಮ್ಮದು, ಬಿರುಕು ಪಕ್ಕದ ಮನೆಯದು: ಕೊಡಗಿನವರು ಪದೇ ಪದೇ ಕೇಳುವ ಇನ್ಶೂರೆನ್ಸ್ ಪ್ರಶ್ನೆಗಳು

ಕಾಫಿ ಕೊಯ್ಲು ಮುಗಿದು ಕೈಗೆ ದುಡ್ಡು ಬಂತು ಅಂದರೆ ಕೊಡಗಿನಲ್ಲಿ ಮನೆ ಕೆಲಸಗಳು ಶುರು. ಹೆಂಚು ಇಳಿಸಿ ಕಾಂಕ್ರೀಟ್ ಹಾಕಿಸುವವರು, ಹಿಂದುಗಡೆ ಎರಡು ರೂಮ್ ಎಳೆದು ಹೋಂಸ್ಟೇ ಮಾಡುವವರು, ಬರೆ (ಮನೆ ಪಕ್ಕದ ಕಡಿದಾದ ಮಣ್ಣಿನ ದಿಬ್ಬ) ಕಡಿದು ಕಾರು ನಿಲ್ಲಿಸಲು ಜಾಗ ಮಾಡಿಕೊಳ್ಳುವವರು. ಎಲ್ಲರಿಗೂ ಜೂನ್ ಮಳೆಗೆ ಮುಂಚೆ ಮುಗಿಸುವ ಗಡಿಬಿಡಿ. ಈ ನಡುವೆ ಪಕ್ಕದ ಮನೆಗೆ ಏನಾದರೂ ಆದರೆ ದುಡ್ಡು ಯಾರು ಕೊಡಬೇಕು, ಇನ್ಶೂರೆನ್ಸ್ ಬರುತ್ತಾ ಅಂತ ಜನ ಕೇಳುತ್ತಲೇ ಇರುತ್ತಾರೆ. ಉತ್ತರಗಳು ಇಲ್ಲಿವೆ. ಕೆಲವು ನಿಮಗೆ ಇಷ್ಟವಾಗಲಿಕ್ಕಿಲ್ಲ.

ನನ್ನ ಮನೆಗೆ ಇನ್ಶೂರೆನ್ಸ್ ಇದೆ. ಪಕ್ಕದ ಮನೆಗೆ ಆದ ಹಾನಿಗೂ ಅದೇ ಸಾಕಲ್ವಾ?

ಸಾಲದು. ಈಗ ಎಲ್ಲ ಜನರಲ್ ಇನ್ಶೂರೆನ್ಸ್ ಕಂಪನಿಗಳೂ ಮಾರುವ ಮನೆ ಪಾಲಿಸಿ ಅಂದರೆ ‘ಭಾರತ್ ಗೃಹ ರಕ್ಷಾ’. 2021ರ ಏಪ್ರಿಲ್ 1ರಿಂದ ಬಂದದ್ದು. ಬೆಂಕಿ, ಸಿಡಿಲು, ಭೂಕಂಪ, ಪ್ರವಾಹ, ಭೂಕುಸಿತದಿಂದ ನಿಮ್ಮ ಮನೆಗೆ, ನಿಮ್ಮ ಸಾಮಾನಿಗೆ ಆಗುವ ನಷ್ಟವನ್ನು ಅದು ನೋಡಿಕೊಳ್ಳುತ್ತದೆ. ನಿಮ್ಮಿಂದ ಬೇರೆಯವರಿಗೆ ಆದ ನಷ್ಟ ಅದರ ಕೆಲಸವಲ್ಲ.

ಕೆಲವು ಹಳೆ ಪ್ಯಾಕೇಜ್ ಪಾಲಿಸಿಗಳಲ್ಲಿ ‘ಪಬ್ಲಿಕ್ ಲಯಬಿಲಿಟಿ’, ಅಂದರೆ ಬೇರೆಯವರಿಗೆ ಆದ ಹಾನಿಯ ಹೊಣೆ, ಅಂತ ಒಂದು ಭಾಗ ಇರುತ್ತದೆ. ಅದನ್ನು ನೋಡಿ ಸಮಾಧಾನ ಪಡುವ ಮೊದಲು ಕಟ್ಟಡದ ಮಾರ್ಪಾಡು, ಕಟ್ಟುವ ಕೆಲಸವನ್ನು ಹೊರಗಿಟ್ಟಿದ್ದಾರಾ ನೋಡಿ. ಸಾಮಾನ್ಯವಾಗಿ ಇಟ್ಟಿರುತ್ತಾರೆ.

ಹಾಗಾದರೆ ಯಾವ ಪಾಲಿಸಿ ತಗೋಬೇಕು?

‘ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್’ ಅಂತ ಕೇಳಿ. ಆಫೀಸುಗಳಲ್ಲಿ ಸಿಎಆರ್ ಅನ್ನುತ್ತಾರೆ. ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ, ನ್ಯಾಷನಲ್, ಈ ನಾಲ್ಕೂ ಸರ್ಕಾರಿ ಕಂಪನಿಗಳಲ್ಲಿ ಸಿಗುತ್ತದೆ, ಖಾಸಗಿಯವರ ಬಳಿಯೂ ಇದೆ. ಹೆಸರಲ್ಲಿ ಕಾಂಟ್ರಾಕ್ಟರ್ ಇದ್ದರೂ ಮನೆ ಮಾಲೀಕರೂ ಇದನ್ನು ತೆಗೆದುಕೊಳ್ಳಬಹುದು.

ಇದರಲ್ಲಿ ಎರಡು ಭಾಗ. ಮೊದಲನೆಯದು ನಡೆಯುತ್ತಿರುವ ಕೆಲಸಕ್ಕೆ ಆಗುವ ಹಾನಿ. ಸೆಂಟ್ರಿಂಗ್ ಕುಸಿಯಿತು, ತಂದಿಟ್ಟ ಸಾಮಾನು ಹಾಳಾಯಿತು, ಇಂಥದ್ದು. ಎರಡನೆಯದು ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕೆಲಸದಿಂದ ಬೇರೆಯವರಿಗೆ ಆಗುವ ಹಾನಿ. ನಿಮಗೆ ಬೇಕಾದದ್ದು ಆ ಎರಡನೆಯದು. ಬರೀ ಮೊದಲ ಭಾಗ ಕೊಟ್ಟು ಪ್ರೀಮಿಯಂ ಕಡಿಮೆ ತೋರಿಸುವವರೂ ಇದ್ದಾರೆ, ಹಾಗಾಗಿ ಕೊಟೇಶನ್‌ನಲ್ಲಿ ಥರ್ಡ್ ಪಾರ್ಟಿ ಎದುರು ಎಷ್ಟು ರೂಪಾಯಿ ಮಿತಿ ಬರೆದಿದ್ದಾರೆ ಅಂತ ನೋಡಿಕೊಳ್ಳಿ.

ಥರ್ಡ್ ಪಾರ್ಟಿ ಇದ್ದರೆ ಆಯ್ತಲ್ಲ? ಇನ್ನೇನು ನೋಡಬೇಕು?

ಕೊಡಗಿನಲ್ಲಿ ಇರುವವರು ಈ ಉತ್ತರವನ್ನು ಮಾತ್ರ ತಪ್ಪದೆ ಓದಬೇಕು.

ಸಾಧಾರಣ ಸಿಎಆರ್ ಪಾಲಿಸಿಯ ಥರ್ಡ್ ಪಾರ್ಟಿ ಭಾಗದಲ್ಲಿ ಒಂದು ಸಾಲು ಇರುತ್ತದೆ. ಕಂಪನದಿಂದ, ಅಥವಾ ಪಕ್ಕದ ನೆಲ ಇಲ್ಲವೇ ಕಟ್ಟಡಕ್ಕಿದ್ದ ಆಧಾರ ತೆಗೆದದ್ದರಿಂದ, ದುರ್ಬಲವಾದದ್ದರಿಂದ ಆಗುವ ಹಾನಿಗೆ ನಾವು ಕೊಡುವುದಿಲ್ಲ ಅಂತ. ಬಯಲುಸೀಮೆಯ ಸೈಟಿನಲ್ಲಿ ಈ ಸಾಲನ್ನು ಯಾರೂ ಗಮನಿಸುವುದಿಲ್ಲ. ನಮ್ಮಲ್ಲಿ? ಮಡಿಕೇರಿ ಪೇಟೆಯಲ್ಲೇ ಒಬ್ಬರ ಮನೆಯ ಅಂಗಳ ಇನ್ನೊಬ್ಬರ ಮನೆಯ ಮಾಡಿನ ಮಟ್ಟಕ್ಕೆ ಇರುತ್ತದೆ. ಕೆಳಗಿನವರು ಅಡುಗೆಮನೆ ದೊಡ್ಡದು ಮಾಡಲು ಹಿಂದಿನ ಬರೆಯನ್ನು ನಾಲ್ಕಡಿ ಒಳಗೆ ಕಡಿದರೆ ಮೇಲಿನವರ ಪಾಯದ ಬುಡವೇ ಹೋಗುತ್ತದೆ. ಹಳೆ ಕಲ್ಲಿನ ತಡೆಗೋಡೆ ಕಿತ್ತು ಹೊಸದು ಕಟ್ಟುವಾಗ ಹತ್ತು ದಿನ ಆ ಮಣ್ಣಿಗೆ ಯಾವ ಆಸರೆಯೂ ಇರುವುದಿಲ್ಲ. ಸ್ಲ್ಯಾಬ್ ಒಡೆಯುವ ಬ್ರೇಕರ್ ಪಕ್ಕದ ಜೇಡಿಮಣ್ಣಿನ ಗೋಡೆಯನ್ನು ಅಲ್ಲಾಡಿಸುತ್ತದೆ.

ಅಂದರೆ ಇಲ್ಲಿ ಆಗುವ ದೊಡ್ಡ ಅನಾಹುತ ಯಾವುದೋ ಅದೇ ಪಾಲಿಸಿಯಿಂದ ಹೊರಗಿರುತ್ತದೆ. ಬಾಗಿಲು ಹಾಕಿ ಕಿಟಕಿ ತೆರೆದಿಟ್ಟ ಹಾಗೆ.

ಇದಕ್ಕೆ ಪರಿಹಾರ ಇದೆ. ‘ವೈಬ್ರೇಶನ್, ರಿಮೂವಲ್ ಆರ್ ವೀಕನಿಂಗ್ ಆಫ್ ಸಪೋರ್ಟ್’ ಅನ್ನೋ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಜೋಡಿಸುವ ಹೆಚ್ಚಿನ ಕವರ್) ಹೆಚ್ಚುವರಿ ಪ್ರೀಮಿಯಂ ಕೊಟ್ಟು ಸೇರಿಸಿಕೊಳ್ಳಬಹುದು. ಇದೇ ಹೆಸರು ಹೇಳಿ ಕೇಳಿ. ‘ಎಲ್ಲಾ ಕವರ್ ಆಗುತ್ತೆ ಸರ್’ ಅನ್ನೋ ಮಾತಿಗೆ ಒಪ್ಪಬೇಡಿ. ಈ ಸಾಲು ಪಾಲಿಸಿ ಕಾಗದದಲ್ಲಿ ಅಚ್ಚಾಗಿ ಬಂದಿದೆಯಾ ನೋಡಿ, ಆಮೇಲೆ ಜೆಸಿಬಿಗೆ ಫೋನ್ ಮಾಡಿ.

ಆ ಎಂಡಾರ್ಸ್‌ಮೆಂಟ್ ಇದ್ದರೆ ಪಕ್ಕದ ಮನೆಯ ಬಿರುಕಿಗೂ ದುಡ್ಡು ಬರುತ್ತಾ?

ಎಲ್ಲ ಬಿರುಕಿಗೂ ಬರುವುದಿಲ್ಲ. ಈ ಎಂಡಾರ್ಸ್‌ಮೆಂಟ್‌ನ ಸಾಮಾನ್ಯ ಬರಹದ ಪ್ರಕಾರ ಕಟ್ಟಡ ಪೂರ್ತಿಯಾಗಿ ಅಥವಾ ಭಾಗಶಃ ಕುಸಿದರೆ ಮಾತ್ರ ಕೊಡುತ್ತಾರೆ. ಕಟ್ಟಡದ ಗಟ್ಟಿತನಕ್ಕೂ ಒಳಗಿರುವವರ ಜೀವಕ್ಕೂ ತೊಂದರೆ ಇಲ್ಲದ ಮೇಲ್ಮೈ ಬಿರುಕು ಹೊರಗೆ. ಗಾರೆ ಎದ್ದದ್ದು, ಪೇಂಟ್ ಸುಲಿದದ್ದು, ಕೂದಲೆಳೆ ಬಿರುಕು, ಇದೆಲ್ಲ ನಿಮ್ಮ ಜೇಬಿನಿಂದಲೇ ಹೋಗುತ್ತದೆ.

ಇನ್ನೂ ಎರಡು ಷರತ್ತುಗಳಿವೆ. ಕೆಲಸ ಶುರುವಾಗುವ ಮೊದಲು ಪಕ್ಕದ ಕಟ್ಟಡ ಸುಸ್ಥಿತಿಯಲ್ಲಿ ಇದ್ದಿರಬೇಕು, ಮತ್ತು ಕುಸಿಯದಂತೆ ತಡೆಯಲು ಬೇಕಾದ ಕ್ರಮ ನೀವು ತೆಗೆದುಕೊಂಡಿರಬೇಕು. ಕೆಲಸದ ರೀತಿ ನೋಡಿದರೆ ಈ ಹಾನಿ ಆಗೇ ಆಗುತ್ತದೆ ಅಂತ ಮೊದಲೇ ಗೊತ್ತಾಗುವಂತಿದ್ದರೂ ಕೊಡುವುದಿಲ್ಲ. ಆಸರೆ ಕೊಡಲು ಹಾಕಿದ ಮರ, ಕಬ್ಬಿಣ, ಮರಳುಚೀಲದ ಖರ್ಚನ್ನೂ ಇದರಲ್ಲಿ ಕೇಳಲಾಗದು.

ಹಾಗಾಗಿ ನನ್ನ ಅಭಿಪ್ರಾಯ ಹೀಗೆ: ಸಣ್ಣಪುಟ್ಟ ಬಿರುಕಿಗೆ ಅಂತ ಬಜೆಟ್‌ನಲ್ಲೇ ಒಂದಿಷ್ಟು ದುಡ್ಡು ತೆಗೆದಿಡಿ. ಪಾಲಿಸಿ ಇರುವುದು ಗೋಡೆ ಬಿದ್ದ ದಿನಕ್ಕೆ.

ಕೆಲಸ ಶುರು ಮಾಡುವ ಮೊದಲು ಏನು ಮಾಡಬೇಕು?

ಪಕ್ಕದ ಮನೆಗೆ ಹೋಗಿ. ಸುಮ್ನೆ ‘ಅಣ್ಣಾ, ನಾಡಿದ್ದಿನಿಂದ ಕೆಲಸ ಶುರು ಮಾಡ್ತಾ ಇದ್ದೀವಿ, ನಿಮ್ಮ ಗೋಡೆಗಳದ್ದು ಒಂದ್ಸಲ ಫೋಟೋ ತೆಗೀಬಹುದಾ?’ ಅಂತ ಕೇಳಿ. ಕಾಫಿ ಕುಡಿದೇ ಬರಬೇಕಾಗುತ್ತದೆ, ಒಂದು ಬೆಳಗ್ಗೆ ಇದಕ್ಕೇ ಅಂತ ಇಟ್ಟುಕೊಳ್ಳಿ.

ಮೊದಲು ಹೊರಗಿನಿಂದ ನಾಲ್ಕೂ ಬದಿ. ಆಮೇಲೆ ಒಳಗೆ ಒಂದೊಂದು ಕೋಣೆ, ನಿಮ್ಮ ಕಡೆಗಿರುವ ಗೋಡೆಗಳು ಜಾಸ್ತಿ. ಕಿಟಕಿ ಬಾಗಿಲುಗಳ ಮೂಲೆ, ಸಜ್ಜಾ ಸೇರುವ ಜಾಗ, ನೆಲ ಮತ್ತು ಗೋಡೆ ಕೂಡುವ ಅಂಚು, ಅಂಗಳದ ಕಟ್ಟೆ. ಹಳೆ ಬಿರುಕು ಸಿಕ್ಕರೆ ಅದರ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲೇ ತಾರೀಕು ಬರೆಯಿರಿ. ಬಿರುಕಿನ ಪಕ್ಕ ಒಂದು ಸ್ಕೇಲ್ ಅಥವಾ ರೂಪಾಯಿ ನಾಣ್ಯ ಹಿಡಿದು ಫೋಟೋ ತೆಗೆದರೆ ಅಗಲ ಎಷ್ಟಿತ್ತು ಅಂತ ಆಮೇಲೆ ಜಗಳ ಇರುವುದಿಲ್ಲ. ಎಂಜಿನಿಯರುಗಳು ಬಿರುಕಿನ ಮೇಲೆ ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಪಟ್ಟಿ ಹಚ್ಚುತ್ತಾರೆ. ಗೋಡೆ ಸ್ವಲ್ಪ ಸರಿದರೂ ಪಟ್ಟಿ ಟಪ್ ಅಂತ ಒಡೆಯುತ್ತದೆ. ಖರ್ಚು ಏನೂ ಇಲ್ಲ ಅನ್ನಬಹುದು, ಆದರೆ ಹೊಸ ಬಿರುಕೋ ಹಳೆಯದೋ ಅನ್ನೋ ಪ್ರಶ್ನೆಗೆ ಅದಕ್ಕಿಂತ ಗಟ್ಟಿ ಉತ್ತರ ಇಲ್ಲ.

ಫೋಟೋಗಳನ್ನು ಅದೇ ದಿನ ಪಕ್ಕದವರಿಗೆ ವಾಟ್ಸಾಪ್ ಮಾಡಿ. ಇಬ್ಬರ ಬಳಿಯೂ ಒಂದೇ ಫೋಟೋ, ಒಂದೇ ತಾರೀಕು. ಬರೆ ಕಡಿಯುವುದಿದ್ದರೆ ಇಷ್ಟು ಸಾಲದು. ಸ್ಟ್ರಕ್ಚರಲ್ ಎಂಜಿನಿಯರ್ ಕೈಲಿ ಸ್ಥಿತಿ ವರದಿ ಬರೆಸಿ. ಕಂಪನಿ ಕೇಳಿದರೆ ಅದನ್ನು ಕೊಡುವ ಹೊಣೆ ನಿಮ್ಮದೇ, ಆ ಎಂಡಾರ್ಸ್‌ಮೆಂಟ್‌ನಲ್ಲೇ ಹಾಗೆ ಇರುತ್ತದೆ.

ಪಕ್ಕದವರು ಒಳಗೆ ಬಿಡದಿದ್ದರೆ?

ಬಲವಂತ ಬೇಡ. ನಿಮ್ಮ ಜಾಗದಿಂದ, ರಸ್ತೆಯಿಂದ ಕಾಣುವಷ್ಟು ತೆಗೆಯಿರಿ. ‘ಫೋಟೋ ತೆಗೆಯಲು ಕೇಳಿದ್ದೆ, ಬೇಡ ಅಂದಿರಿ’ ಅಂತ ಮರ್ಯಾದೆಯಿಂದ ಒಂದು ಮೆಸೇಜ್ ಹಾಕಿಡಿ.

ನನ್ನ ಜಾಗದಲ್ಲಿ ನಾನು ಅಗೆದರೆ ಅವರು ಯಾಕೆ ಕೇಳಬೇಕು?

ಕೇಳುವ ಹಕ್ಕು ಅವರಿಗಿದೆ, ಹೊಸದೇನಲ್ಲ. 1882ರ ಈಸ್‌ಮೆಂಟ್ಸ್ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಸಹಜ ಸ್ಥಿತಿಯಲ್ಲಿರುವ ನೆಲಕ್ಕೆ ಪಕ್ಕದ ನೆಲದಿಂದ ಸಿಗುವ ಆಧಾರ ಪ್ರತಿಯೊಬ್ಬ ಮಾಲೀಕನ ಹಕ್ಕು. ಅದರ ಮೇಲೆ ಕಟ್ಟಿದ ಮನೆಗೆ ಈ ಹಕ್ಕು ತಾನಾಗಿ ಬರುವುದಿಲ್ಲ. ಆದರೆ ಹಕ್ಕಿನಿಂದ, ತಕರಾರಿಲ್ಲದೆ, ನಡುವೆ ನಿಲ್ಲದೆ 20 ವರ್ಷ ಆ ಆಧಾರ ಪಡೆದಿದ್ದರೆ 15ನೇ ಸೆಕ್ಷನ್ ಪ್ರಕಾರ ಮನೆಗೂ ಬರುತ್ತದೆ. ಮೇಲಿನ ಮನೆ ಅವರ ಅಜ್ಜನ ಕಾಲದ್ದಾದರೆ ಲೆಕ್ಕ ನೀವೇ ಹಾಕಿ.

‘ಕಂಟ್ರಾಕ್ಟರ್ ಕಡಿದದ್ದು, ನಾನಲ್ಲ’ ಅನ್ನೋ ಮಾತೂ ಇಂಥ ಕಡೆ ಸುಲಭವಾಗಿ ನಡೆಯುವುದಿಲ್ಲ. ಪಕ್ಕದ ನೆಲದ ಆಧಾರಕ್ಕೇ ಕೈ ಹಾಕುವ ಕೆಲಸದಲ್ಲಿ ಮಾಡಿಸಿದವರೂ ಹೊಣೆಗಾರರಾಗುತ್ತಾರೆ.

ಪಾಲಿಸಿ ಯಾರ ಹೆಸರಲ್ಲಿ ಇರಬೇಕು? ನಮ್ಮ ಮನೆ ಕೆಲಸ ಮಾಡುವುದು ಮೇಸ್ತ್ರಿ.

ಮಾಲೀಕರಾದ ನೀವು, ಕೆಲಸ ಮಾಡುವವರು, ಇಬ್ಬರ ಹೆಸರಲ್ಲೂ. ದೊಡ್ಡ ಕಂಟ್ರಾಕ್ಟರ್ ಆದರೆ ‘ನಮ್ಮದು ಪಾಲಿಸಿ ಇದೆ’ ಅನ್ನುತ್ತಾರೆ. ಪ್ರತಿ ಕೇಳಿ. ಅದರಲ್ಲಿ ನಿಮ್ಮ ಸೈಟಿನ ವಿಳಾಸ ಇದೆಯಾ, ಮಾಲೀಕರಾಗಿ ನಿಮ್ಮ ಹೆಸರಿದೆಯಾ ನೋಡಿ. ಕುಶಾಲನಗರದ ಸೈಟಿಗೆ ತೆಗೆದ ಪಾಲಿಸಿ ನಿಮ್ಮ ಮನೆಗೆ ಆಗುವುದಿಲ್ಲ.

ದಿನಗೂಲಿ ಲೆಕ್ಕದಲ್ಲಿ ಮೇಸ್ತ್ರಿ ಮತ್ತು ನಾಲ್ಕು ಜನ ಅಂದರೆ ಅವರ ಬಳಿ ಪಾಲಿಸಿ ನಿರೀಕ್ಷಿಸಬೇಡಿ. ನೀವೇ ತಗೊಳ್ಳಿ. ಒಪ್ಪಂದ ಬಿಳಿ ಹಾಳೆಯಲ್ಲಾದರೂ ಸರಿ, ಕೆಲಸ ಏನೇನು ಅಂತ ಬರೆದಿರಲಿ. ‘ಮನೆ ರಿಪೇರಿ’ ಅಂತ ಬರೆದು ಬರೆ ಕಡಿದರೆ ಕ್ಲೇಮ್ ಸಮಯಕ್ಕೆ ಸರ್ವೇಯರ್ (ಹಾನಿ ಅಳೆಯಲು ಕಂಪನಿ ಕಳಿಸುವವರು) ಮೊದಲು ಕೇಳುವುದು ಅದನ್ನೇ.

ಜೆಸಿಬಿಗೆ ಹೇಗೂ ಇನ್ಶೂರೆನ್ಸ್ ಇರುತ್ತಲ್ಲ?

ರಸ್ತೆಯಲ್ಲಿ ಹೋಗುವಾಗ ಯಾರಿಗಾದರೂ ತಾಗಿದರೆ ಅದು ಕೆಲಸಕ್ಕೆ ಬರುತ್ತದೆ. ಬಕೆಟ್ ಹಾಕಿ ಅಗೆಯುವಾಗ ಆಗುವ ಹಾನಿ ಬೇರೆ ವಿಷಯ. ಯಂತ್ರವಾಗಿ ಕೆಲಸ ಮಾಡುವಾಗಿನ ಹೊಣೆಯನ್ನು ಮೋಟಾರ್ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಪಕ್ಕದವರ ಗೋಡೆಗೆ ಬಕೆಟ್ ತಾಗಿಸಿ ‘ಗಾಡಿಗೆ ಫುಲ್ ಇನ್ಶೂರೆನ್ಸ್ ಇದೆ ಬಿಡಿ’ ಅಂದರೆ ನಂಬಿ ಕೂರಬೇಡಿ.

ಪಕ್ಕದ ಮನೆ ದೊಡ್ಡಪ್ಪನ ಮಗನದ್ದು. ಜಾಗ ಇನ್ನೂ ಒಟ್ಟು ಕುಟುಂಬದ ಹೆಸರಲ್ಲಿದೆ. ಏನಾದರೂ ತೊಂದರೆನಾ?

ಇದನ್ನು ಹೊರಗಿನ ಏಜೆಂಟ್ ಕೇಳುವುದೇ ಇಲ್ಲ, ಕೊಡಗಿನಲ್ಲಿ ಮಾತ್ರ ಮುಖ್ಯ. ಥರ್ಡ್ ಪಾರ್ಟಿ ಅಂದರೆ ಮೂರನೆಯವರು. ಪಾಲಿಸಿದಾರರಿಗೆ ಸೇರಿದ, ಅಥವಾ ಅವರ ವಶದಲ್ಲಿರುವ ಆಸ್ತಿಗೆ ಆದ ಹಾನಿ ಆ ಭಾಗದಲ್ಲಿ ಬರುವುದಿಲ್ಲ. ಜಮ್ಮಾ ಜಾಗ (ಕುಟುಂಬಕ್ಕೆ ತಲೆಮಾರಿನಿಂದ ಬಂದದ್ದು) ಪಾಲಾಗದೆ ಪಟ್ಟೇದಾರರ, ಅಂದರೆ ಕುಟುಂಬದ ಯಜಮಾನರ ಹೆಸರಲ್ಲೇ ಇದ್ದು, ಅದರಲ್ಲಿ ನಿಮ್ಮ ಮನೆಯೂ ಅಣ್ಣನ ಮನೆಯೂ ಕುಟುಂಬದ ಮೂಲ ಮನೆಯಾದ ಐನ್‌ಮನೆಯೂ ಇದ್ದರೆ ‘ಇದರಲ್ಲಿ ನಿಮಗೂ ಪಾಲಿದೆಯಲ್ಲ’ ಅಂತ ಕಂಪನಿ ಕೊಕ್ಕೆ ಹಾಕಬಹುದು. ಮೊದಲೇ ಆರ್‌ಟಿಸಿ ತೋರಿಸಿ, ಯಾವ ಮನೆ ಯಾರದ್ದು ಅಂತ ಪ್ರಪೋಸಲ್ ಫಾರ್ಮ್‌ನಲ್ಲೇ ಬರೆಸಿ, ಉತ್ತರವನ್ನು ಇಮೇಲ್‌ನಲ್ಲಿ ತೆಗೆದುಕೊಳ್ಳಿ. ತೋಟದ ಕೆಲಸದವರ ಲೈನ್ ಮನೆ ನಿಮ್ಮದೇ ಆದರೆ ಅದೂ ಥರ್ಡ್ ಪಾರ್ಟಿ ಅಲ್ಲ. ನಿಮ್ಮ ಉಳಿದ ಕಟ್ಟಡಗಳಿಗೆ ‘ಸರೌಂಡಿಂಗ್ ಪ್ರಾಪರ್ಟಿ’ ಅಂತ ಬೇರೆ ಕವರ್ ಇದೆ, ಕೇಳಿ.

ಮಳೆಗೆ ಕುಸಿದರೆ ಅದು ಪ್ರಕೃತಿ ವಿಕೋಪ. ನನ್ನ ಮೇಲೆ ಹೇಗೆ ಬರುತ್ತದೆ?

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲದ ಕಡೆ ಗುಡ್ಡಗಳು ಜಾರಿದ್ದನ್ನು ಯಾರೂ ಮರೆತಿಲ್ಲ. ಆಗ ಬಂದು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಮಳೆಯ ಜೊತೆಗೆ ಜನ ಇಳಿಜಾರನ್ನು ಮನಸ್ಸಿಗೆ ಬಂದಂತೆ ಕಡಿದದ್ದನ್ನೂ ಕಾರಣ ಅಂದಿದ್ದರು. ನಿಮ್ಮ ಬರೆಗೂ ಅದೇ ಪ್ರಶ್ನೆ ಬರುತ್ತದೆ. ಮುಟ್ಟದ ಗುಡ್ಡ ಜಾರಿದರೆ ಒಂದು ಮಾತು. ಏಪ್ರಿಲ್‌ನಲ್ಲಿ ಕಡಿದು, ತಡೆಗೋಡೆ ಕಟ್ಟದೆ, ನೀರು ಹೋಗಲು ಚರಂಡಿ ಮಾಡದೆ ಬಿಟ್ಟದ್ದು ಜುಲೈಯಲ್ಲಿ ಜಾರಿದರೆ ‘ಮಳೆ’ ಅನ್ನೋ ಉತ್ತರ ಸಾಲುವುದಿಲ್ಲ.

ಪಾಲಿಸಿಯಲ್ಲೂ ಮಳೆಗಾಲಕ್ಕೆ ಎರಡು ಬಲೆಗಳಿವೆ. ಒಂದು, ಅವಧಿ. ಫೆಬ್ರವರಿಯಿಂದ ಮೇ ಅಂತ ತೆಗೆದಿದ್ದು ಕೆಲಸ ಜೂನ್‌ಗೆ ಎಳೆದರೆ, ಅವಧಿ ಮುಗಿಯುವ ಮೊದಲೇ ವಿಸ್ತರಣೆ ಕೇಳಬೇಕು. ಮಳೆ ಶುರುವಾದ ಮೇಲೆ ಕಂಪನಿ ಹಿಂದೆಮುಂದೆ ನೋಡುತ್ತದೆ, ಹಾಗಾಗಿ ಮೊದಲೇ ಸೆಪ್ಟೆಂಬರ್ ಕೊನೆಯವರೆಗೆ ತೆಗೆದುಕೊಳ್ಳುವುದು ವಾಸಿ. ಇನ್ನೊಂದು, ಕೆಲಸ ನಿಂತರೆ. ಪೂರ್ತಿಯೋ ಭಾಗಶಃವೋ ಕೆಲಸ ನಿಲ್ಲಿಸಿದ್ದರಿಂದ ಆಗುವ ಹಾನಿಯನ್ನು ಸಿಎಆರ್ ಹೊರಗಿಡುತ್ತದೆ. ಇಲ್ಲಿ ಮಳೆಗಾಲಕ್ಕೆ ಕೆಲಸ ನಿಲ್ಲುವುದು ಮಾಮೂಲು. ಭಾರಿ ವಾಹನಗಳಿಗೆ ಜಿಲ್ಲಾಡಳಿತದ ನಿರ್ಬಂಧವೂ ಬರುತ್ತದೆ, ಜಲ್ಲಿ ಸಿಮೆಂಟು ಬರುವುದಿಲ್ಲ. ನಿಲ್ಲಿಸುವ ಮೊದಲು ಕಂಪನಿಗೆ ಲಿಖಿತವಾಗಿ ತಿಳಿಸಿ, ಅರ್ಧ ಕಡಿದ ಬರೆಗೆ ಟಾರ್ಪಲ್ ಹೊದಿಸಿ, ನೀರು ಬೇರೆ ಕಡೆ ತಿರುಗಿಸಿ, ಆ ಫೋಟೋಗಳನ್ನೂ ಕಳಿಸಿ. ಮಣ್ಣು ಅಗೆಯುವ ಬಗ್ಗೆ ಆ ವರ್ಷ ಜಿಲ್ಲಾಧಿಕಾರಿಗಳ ಆದೇಶ ಇದ್ದರೆ ಅದನ್ನು ಮೀರಿ ಮಾಡಿದ ಕೆಲಸಕ್ಕೆ ಕ್ಲೇಮ್ ಕೇಳುವುದು ಕಷ್ಟ. ಪಂಚಾಯಿತಿ ಅಥವಾ ನಗರಸಭೆಯ ಅನುಮತಿ ಇಲ್ಲದ ಕೆಲಸಕ್ಕೂ ಅಷ್ಟೇ.

ಎರಡು ಲಕ್ಷದ ಕೆಲಸಕ್ಕೂ ಇದೆಲ್ಲ ಬೇಕಾ?

ಮೊತ್ತ ನೋಡಬೇಡಿ, ಕೆಲಸ ನೋಡಿ. ಪೇಂಟ್, ಟೈಲ್ಸ್, ಅಡುಗೆಮನೆ ಕಬೋರ್ಡ್ ಆದರೆ ಬೇಡ. ಬರೆ ಕಡಿಯುವುದು, ಪಾಯ ತೆಗೆಯುವುದು, ಸಂಪ್ ಅಗೆಯುವುದು, ಎರಡು ಮನೆಗೆ ಸೇರಿದ ಗೋಡೆ ಮುಟ್ಟುವುದು, ಸ್ಲ್ಯಾಬ್ ಒಡೆಯುವುದು, ಮನೆ ಪಕ್ಕದ ದೊಡ್ಡ ಮರ ಉರುಳಿಸುವುದು, ಇವುಗಳಲ್ಲಿ ಒಂದಿದ್ದರೂ ಬೇಕು. ಸಣ್ಣ ಕೆಲಸಕ್ಕೆ ಪಾಲಿಸಿ ಕೊಡಲು ಕೆಲವು ಆಫೀಸುಗಳು ಆಸಕ್ತಿ ತೋರಿಸುವುದಿಲ್ಲ. ಇನ್ನೊಂದು ಆಫೀಸಿಗೆ ಹೋಗಿ.

ಪ್ರೀಮಿಯಂ ಎಷ್ಟಾಗುತ್ತದೆ?

ಕೆಲಸದ ಒಟ್ಟು ಮೊತ್ತ, ಎಷ್ಟು ತಿಂಗಳು, ಜಾಗ ಎಷ್ಟು ಕಡಿದಾಗಿದೆ, ಮಳೆಗಾಲ ಒಳಗೆ ಬರುತ್ತದಾ, ಇದರ ಮೇಲೆ ನಿಲ್ಲುತ್ತದೆ. ಮೊತ್ತ ಕಡಿಮೆ ತೋರಿಸಿದರೆ ಕ್ಲೇಮ್ ಕೂಡ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ.

ಪ್ರೀಮಿಯಂಗಿಂತ ‘ಎಕ್ಸೆಸ್’ ನೋಡಿ. ಪ್ರತಿ ಕ್ಲೇಮ್‌ನಲ್ಲಿ ನೀವು ಹೊರಬೇಕಾದ ಪಾಲು ಅದು. ಉದಾಹರಣೆಗೆ ಎಕ್ಸೆಸ್ 25,000 ರೂಪಾಯಿ, ಹಾನಿ 60,000 ಅಂದುಕೊಳ್ಳಿ. ಬರುವುದು 35,000. ಪ್ರವಾಹ, ಭೂಕುಸಿತದಂಥ ಕಾರಣಗಳಿಗೆ ಎಕ್ಸೆಸ್ ಬೇರೆಯೇ ಇರುತ್ತದೆ, ಜಾಸ್ತಿ ಇರುತ್ತದೆ.

ಹಾನಿ ಆಗೇ ಹೋಯ್ತು. ಈಗ?

ಕೆಲಸ ನಿಲ್ಲಿಸಿ. ಜನರನ್ನು ಹೊರಗೆ ಕಳಿಸಿ. ಇನ್ನಷ್ಟು ಹಾಳಾಗದ ಹಾಗೆ ಆಸರೆ, ಟಾರ್ಪಲ್ ಹಾಕಿ. ಬಿದ್ದ ಮಣ್ಣು, ಕಲ್ಲು ಎತ್ತುವ ಮೊದಲು ಫೋಟೋ. ಕಂಪನಿಗೆ ಅದೇ ದಿನ ಫೋನ್, ಜೊತೆಗೆ ಇಮೇಲ್. ಸಿಎಆರ್ ಪಾಲಿಸಿಯಲ್ಲಿ ಸಾಮಾನ್ಯವಾಗಿ 14 ದಿನದೊಳಗೆ ತಿಳಿಸದಿದ್ದರೆ ಕ್ಲೇಮ್ ಇಲ್ಲ.

ಎಲ್ಲಕ್ಕಿಂತ ಕಷ್ಟದ ಮಾತು ಇದು: ಪಕ್ಕದವರಿಗೆ ‘ಎಲ್ಲ ನಾನೇ ಕಟ್ಟಿಸಿಕೊಡ್ತೇನೆ’ ಅಂತ ಹೇಳಬೇಡಿ, ಬರೆದಂತೂ ಕೊಡಬೇಡಿ. ಊರಿನ ಹಿರಿಯರು ಕೂತು ಅಂದೇ ಸಂಜೆ ತೀರ್ಮಾನ ಮಾಡುವುದು ನಮ್ಮ ಕಡೆ ರೂಢಿ, ಒಳ್ಳೆಯ ರೂಢಿಯೂ ಹೌದು. ಆದರೆ ಕಂಪನಿಯ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಂಡರೆ, ಮೊತ್ತ ಮಾತಾಡಿದರೆ ಪಾಲಿಸಿಯ ಷರತ್ತು ಮುರಿದ ಹಾಗೆ. ‘ಕಂಪನಿಯವರಿಗೆ ಹೇಳಿದ್ದೇನೆ, ಸರ್ವೇಯರ್ ಬಂದು ನೋಡಲಿ, ನಾನು ಎಲ್ಲೂ ಹೋಗುವುದಿಲ್ಲ’ ಅನ್ನಿ. ರಾತ್ರಿ ಅವರಿಗೆ ಮಲಗಲು ಜಾಗ ಬೇಕಾದರೆ ಕೊಡಿ. ಅದಕ್ಕೆ ಯಾವ ಪಾಲಿಸಿಯೂ ಅಡ್ಡ ಬರುವುದಿಲ್ಲ.

ಪಕ್ಕದವರ ನೀರಿನ ಪೈಪ್ ಒಡೆಯಿತು. ಅವರ ಹೋಂಸ್ಟೇ ಬುಕಿಂಗ್ ಕೂಡ ಹೋಯಿತು. ಎರಡೂ ಸಿಗುತ್ತಾ?

ಪೈಪ್ ರಿಪೇರಿ ಸಿಗಬಹುದು. ಅಗೆಯುವ ಮೊದಲು ಪೈಪ್, ಕೇಬಲ್ ಎಲ್ಲಿದೆ ಅಂತ ವಿಚಾರಿಸಿದ್ದೀರಿ ಅನ್ನೋದು ಷರತ್ತು. ಕೆರೆ, ಒರತೆಯಿಂದ ಮೂರು ತೋಟ ದಾಟಿ ಬರುವ ಪೈಪುಗಳಿಗೆ ನಕ್ಷೆ ಇರುವುದಿಲ್ಲ, ಕೇಳಿಯೇ ತಿಳಿಯಬೇಕು. ಬುಕಿಂಗ್ ನಷ್ಟ ಸಾಮಾನ್ಯವಾಗಿ ಸಿಗುವುದಿಲ್ಲ.

ಕೆಲಸದವರಿಗೆ ಪೆಟ್ಟಾದರೆ?

ಅದು ಇದರಲ್ಲಿ ಇಲ್ಲ. ಕೆಲಸದವರಿಗೆ ಕೊಡಬೇಕಾದ ಪರಿಹಾರಕ್ಕೆ ಬೇರೆ ಪಾಲಿಸಿ ಇದೆ. ತಗೊಳ್ಳಿ.

ನಾನೇ ಆ ಪಕ್ಕದ ಮನೆಯವನು. ನನ್ನ ಮನೆ ಪಾಲಿಸಿಯಲ್ಲಿ ಭೂಕುಸಿತ ಇದೆ. ನನಗೇನು ಚಿಂತೆ?

ಚಿಂತೆ ಇದೆ. ಭಾರತ್ ಗೃಹ ರಕ್ಷಾದಲ್ಲಿ ಭೂಕುಸಿತ ಇದೆ ನಿಜ. ಆದರೆ ಯಾವುದೇ ಆಸ್ತಿಯ ಕಟ್ಟುವ, ಕೆಡವುವ, ಮಾರ್ಪಾಡು ಮಾಡುವ ಕೆಲಸದಿಂದ ಅಥವಾ ಅಗೆತದಿಂದ ಆದ ಕುಸಿತವನ್ನು ಅದೇ ಜಾಗದಲ್ಲಿ ಹೊರಗಿಟ್ಟಿದ್ದಾರೆ. ಕೆಳಗಿನವರು ಬರೆ ಕಡಿದು ನಿಮ್ಮ ಮನೆ ಜಾರಿದರೆ ನಿಮ್ಮ ಪಾಲಿಸಿ ಇಲ್ಲ ಅನ್ನುತ್ತದೆ. ಅವರ ಪಾಲಿಸಿಯಲ್ಲಿ ಆ ಎಂಡಾರ್ಸ್‌ಮೆಂಟ್ ಇಲ್ಲದಿದ್ದರೆ ಅದೂ ಇಲ್ಲ ಅನ್ನುತ್ತದೆ. ಇಬ್ಬರೂ ಪ್ರೀಮಿಯಂ ಕಟ್ಟಿ ಇಬ್ಬರಿಗೂ ಸಿಗುವುದಿಲ್ಲ, ಉಳಿಯುವುದು ಕೋರ್ಟು. ಹಾಗಾಗಿ ಕೆಳಗೆ ಜೆಸಿಬಿ ಬರುವ ಮೊದಲು ಪಾಲಿಸಿ ಪ್ರತಿ ಕೇಳಿ. ಕೇಳಲು ಸಂಕೋಚ ಬೇಡ.

ಅವರು ಕಡಿದ ಮರ ನಿಮ್ಮ ಹೆಂಚಿನ ಮೇಲೆ ಬಿದ್ದರೆ ಕಥೆ ಬೇರೆ. ಹೊರಗಿನ ವಸ್ತು ಬಂದು ಬಡಿದ ಹಾನಿ ನಿಮ್ಮ ಪಾಲಿಸಿಯಲ್ಲೇ ಬರುತ್ತದೆ. ನಿಮ್ಮ ಕಂಪನಿ ನಿಮಗೆ ಕೊಟ್ಟು, ಆಮೇಲೆ ಅವರಿಂದ ವಸೂಲಿಗೆ ಹೋಗಬಹುದು.

ಕಂಪನಿ ಕ್ಲೇಮ್ ಕೊಡಲ್ಲ ಅಂದರೆ ಎಲ್ಲಿಗೆ ಹೋಗಬೇಕು?

ಮೊದಲು ಅದೇ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಇಂಥ ದೂರು ವಿಚಾರಿಸಿ ತೀರ್ಮಾನಿಸುವ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಪಾಲಿಸಿ ನಿಮ್ಮ ವೈಯಕ್ತಿಕ ಹೆಸರಲ್ಲಿರಬೇಕು, ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ, ಶುಲ್ಕ ಇಲ್ಲ, ವಕೀಲರೂ ಬೇಡ. ಇನ್ಶೂರೆನ್ಸ್ ಕಂಪನಿಗಳ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ‘ಬಿಮಾ ಭರೋಸಾ’ ವೆಬ್‌ಸೈಟಿನಲ್ಲಿ ದೂರು ದಾಖಲಿಸಬಹುದು, 155255ಕ್ಕೆ ಫೋನ್ ಕೂಡ ಮಾಡಬಹುದು. ಮಡಿಕೇರಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ, ಅಲ್ಲಿಗೆ ಎರಡು ವರ್ಷದ ಗಡುವು.

ಇದೆಲ್ಲ ಪಾಲಿಸಿದಾರರಿಗೆ ಮಾತ್ರ. ಹಾನಿಯಾದ ಪಕ್ಕದ ಮನೆಯವರು ನಿಮ್ಮ ಪಾಲಿಸಿ ಹಿಡಿದು ಒಂಬುಡ್ಸ್‌ಮನ್ ಬಳಿ ಹೋಗಲಾಗದು. ಅವರು ಕೇಳುವುದು ನಿಮ್ಮನ್ನೇ, ಕಂಪನಿಯನ್ನು ಕೇಳಬೇಕಾದವರು ನೀವು.